ಹೆಳವನ ಹೊತ್ತಿಗೆ ಯಾರ ಸೊತ್ತು?

ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಮಾತ್ರವಲ್ಲದೆ ಸಮುದ್ರದಾಚೆಯೂ ನೆಲೆಸಿರುವ ಉತ್ತರ ಕರ್ನಾಟಕದ ಕುಟುಂಬಗಳಲ್ಲಿ ಮನೆತನದ ಮೂಲವನ್ನು ಅರಸುವ ಹಂಬಲ ಈಗ ಎದ್ದು ಕಾಣುತ್ತಿದೆ. ಅಜ್ಜನ ಅಜ್ಜ ಯಾರು, ಯಾವ ಊರಿನಿಂದ ಬಂದವರು, ಏಕೆ ಬಂದರು ಎಂಬ ಪ್ರಶ್ನೆಗಳನ್ನು ನಿವೃತ್ತರಷ್ಟೇ ಅಲ್ಲ, ಮೂವತ್ತರ ಹರೆಯದವರೂ ಕೇಳತೊಡಗಿದ್ದಾರೆ. ಬಿಡುವಿದ್ದವರ ಹವ್ಯಾಸವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಕೊಪ್ಪಳ ಜಿಲ್ಲೆಯ ಮಟ್ಟಿಗಂತೂ ಆ ಮಾತು ಸಲ್ಲದು. ಇಲ್ಲಿ ವಂಶಾವಳಿ ಎಂದರೆ ಹೊಲದ ಹಕ್ಕು, ನೌಕರಿಯ ಮೀಸಲಾತಿ, ಮಗಳ ಪಾಲು.

ಹುಡುಕಾಟ ಸಾಮಾನ್ಯವಾಗಿ ಅಡ್ಡಹೆಸರಿನಿಂದ ಆರಂಭವಾಗುತ್ತದೆ. ಗಂಗಾವತಿ ತಾಲ್ಲೂಕಿನ ಮರಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮರಳಿಯಲ್ಲೇ ಬದುಕುವವನನ್ನು ಯಾರೂ ಊರಿನ ಹೆಸರಿನಿಂದ ಕರೆಯುವುದಿಲ್ಲ. ಆತ ಊರು ಬಿಟ್ಟು ಕುಷ್ಟಗಿಗೋ ಗದಗಕ್ಕೋ ಹೋಗಿ ನೆಲೆಸಿದಾಗ ಅವನ ಮಕ್ಕಳಿಗೆ ಆ ಹೆಸರು ಅಂಟುತ್ತದೆ. ನಮ್ಮ ಕಡೆಯ ಊರಿನ ಅಡ್ಡಹೆಸರುಗಳೆಲ್ಲ ಹೀಗೆ ಬಿಟ್ಟುಬಂದ ಊರಿನ ಗುರುತುಗಳು. ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಎಂಬವು ಮನೆತನ ಒಂದು ಕಾಲಕ್ಕೆ ನಡೆಸಿದ ಅಧಿಕಾರವನ್ನು ಹೇಳುತ್ತವೆ. ಆದರೆ ಅಡ್ಡಹೆಸರು ದಾರಿ ತೋರಿಸುತ್ತದೆಯೇ ಹೊರತು ವಂಶದ ಸರಣಿಯನ್ನು ಕೊಡುವುದಿಲ್ಲ.

ಸರಣಿ ಇರುವುದು ಹೆಳವನ ಬಳಿ. ಸುಗ್ಗಿ ಮುಗಿದ ಮೇಲೆ ಎತ್ತನ್ನೇರಿ, ಗಂಟೆ ಬಾರಿಸುತ್ತ ಬಂದು, ಮನೆಯ ಹಿರಿಯರ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಂಡು, ಕಾಳು ಬಟ್ಟೆ ಹಣಗಳನ್ನು ಪಡೆದು ಮುಂದಿನ ಊರಿಗೆ ಹೋಗುತ್ತಿದ್ದ ಸಮುದಾಯವಿದು. ತೆಲುಗು ಸೀಮೆಯಲ್ಲಿ ಪಿಚ್ಚಿಗುಂಟ್ಲರು ಇದೇ ಕೆಲಸ ಮಾಡುತ್ತಾರೆ. ಇಂತಿಂಥ ಒಕ್ಕಲು ಮನೆತನಗಳು ಇಂತಿಂಥ ಹೆಳವ ಕುಟುಂಬಕ್ಕೆ ಸೇರಿದ್ದೆಂಬ ಹಂಚಿಕೆ ಅವರಲ್ಲೇ ಇದೆ. ಇಂದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ರಲ್ಲಿರುವ ಈ ಅಲೆಮಾರಿಗಳ ಕೈಬರಹದ ಪುಸ್ತಕಗಳಲ್ಲಿ, ಯಾವ ಸರ್ಕಾರಿ ದಫ್ತರದಲ್ಲಿಯೂ ಸಿಗದ ರೈತಾಪಿ ಕುಟುಂಬಗಳ ಚರಿತ್ರೆ ಅಡಗಿದೆ. ರಾಜಮಹಾರಾಜರಿಗೆ ಶಾಸನಗಳಿವೆ. ಎರಡು ಕೂರಿಗೆ ಹೊಲದ ಒಡೆಯನಿಗೆ ಇದ್ದದ್ದು ಹೆಳವನೊಬ್ಬನೇ.

ಇನ್ನೊಂದು ಆಕರ ಕಂದಾಯ ದಾಖಲೆ. ಈ ಭಾಗ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಜಹಗೀರುಗಳು ರದ್ದಾದದ್ದು 1949ರಲ್ಲಿ. ಮುಂದೆ 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಪ್ರತಿ ಬದಲಾವಣೆಯಲ್ಲಿಯೂ ಕಡತಗಳು ಗಾಡಿ ಏರಿದವು. ಅವುಗಳೊಡನೆ ಎಷ್ಟು ಕಡತಗಳು ಇಳಿಯಲಿಲ್ಲ ಎಂಬುದನ್ನು ದಾಖಲೆ ಕೊಠಡಿಯಲ್ಲಿ ಕೆಲಸ ಮಾಡಿದವರೇ ಬಲ್ಲರು. ಉಳಿದಿರುವ ಹಳೆಯ ಸೇತ್ವಾರ್‌ಗಳು ಉರ್ದುವಿನಲ್ಲಿವೆ. ತೇದಿಗಳು ಫಸಲಿ ವರ್ಷದಲ್ಲಿವೆ, ಕ್ರಿಸ್ತಶಕ ತಿಳಿಯಲು ಸುಮಾರು 590 ಕೂಡಿಸಬೇಕು. ಇವನ್ನು ಸರಾಗವಾಗಿ ಓದಬಲ್ಲ ನೌಕರರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದಾರೆ. 2024ರಲ್ಲಿ ರಾಜ್ಯ ಸರ್ಕಾರ ಭೂಸುರಕ್ಷಾ ಯೋಜನೆಯಡಿ ಹಳೆಯ ಭೂದಾಖಲೆಗಳ ಸ್ಕ್ಯಾನಿಂಗನ್ನು ಕೈಗೊಂಡದ್ದು ಸ್ವಾಗತಾರ್ಹ. ಆದರೆ ಓದಲಾಗದ ಪುಟದ ಚಿತ್ರ ಗಣಕಯಂತ್ರದಲ್ಲಿದ್ದರೇನು, ಬಸ್ತೆಯಲ್ಲಿದ್ದರೇನು? ಲಿಪ್ಯಂತರವಿಲ್ಲದ ಸ್ಕ್ಯಾನಿಂಗ್ ಅರ್ಧ ಕೆಲಸ.

ಇದರ ಅಗತ್ಯ ಎಷ್ಟು ದಿನನಿತ್ಯದ್ದೆಂಬುದು ವಾರಸಾ ಪ್ರಕರಣಗಳನ್ನು ಕೇಳಿದ ಯಾವ ಅಧಿಕಾರಿಗೂ ಗೊತ್ತು. ಸತ್ತವರ ಹೆಸರಿನಲ್ಲಿಯೇ ಉಳಿದ ಪಹಣಿ, ಇಬ್ಬರು ಹೆಂಡಿರ ಮಕ್ಕಳ ತಕರಾರು, ಪಂಚರ ಬಾಯಿಮಾತಿನ ಮೇಲೆ ತಯಾರಾದ ವಂಶವೃಕ್ಷ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂದ ಮೇಲಂತೂ ತಾನು ಅಥವಾ ತನ್ನ ತಂದೆತಾಯಿ ಈ ಭಾಗದವರೆಂದು ತೋರಿಸುವುದು ಉದ್ಯೋಗಾಕಾಂಕ್ಷಿಗೆ ಅನಿವಾರ್ಯವಾಯಿತು. ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ, ಸುಪ್ರೀಂ ಕೋರ್ಟಿನ 2020ರ ತೀರ್ಪು ಇವೆಲ್ಲ ಮಗಳನ್ನು ಹುಟ್ಟಿನಿಂದಲೇ ಸಹಭಾಗಿಯೆಂದವು. ವಂಶಾವಳಿಯ ಕಾಗದದಲ್ಲಿ ಆಕೆಯ ಹೆಸರೇ ಇಲ್ಲದಿದ್ದರೆ ಈ ಕಾನೂನುಗಳಿಂದ ಆಕೆಗೆ ದಕ್ಕುವುದೇನು?

ಇಲ್ಲಿ ಹೆಳವನ ಪುಸ್ತಕದ ಮಿತಿಯನ್ನೂ ಹೇಳಬೇಕು. ಅದು ಮುಖ್ಯವಾಗಿ ಗಂಡುಸಂತತಿಯ ಸರಣಿ. ದಕ್ಷಿಣೆ ಕೊಡುವವನ ಮನಸ್ಸು ನೋಯಿಸದಂತೆ ಹಾಡುವುದು ಆ ವೃತ್ತಿಯ ಧರ್ಮವಾದ್ದರಿಂದ ಅದರಲ್ಲಿ ಹೊಗಳಿಕೆಯೂ ಬೆರೆತಿರುತ್ತದೆ. ಎಲ್ಲ ಮನೆಗಳೂ ಅದರಲ್ಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಬಳಿಕ ಗೋದಾವರಿ, ಕೃಷ್ಣಾ ಸೀಮೆಗಳಿಂದ ಬಂದು ಗಂಗಾವತಿಯ ಸುತ್ತ ಕ್ಯಾಂಪುಗಳನ್ನು ಕಟ್ಟಿದವರ ಮೂಲ ಬೇರೆಡೆ ಇದೆ. ಅದೇ ಜಲಾಶಯದಲ್ಲಿ ಊರು ಮುಳುಗಿ ಚದುರಿದವರಿಗೆ ಹೆಳವ ಹುಡುಕಿಕೊಂಡು ಬರಬೇಕಾದ ಊರೇ ಉಳಿಯಲಿಲ್ಲ. ದೇವದಾಸಿ ತಾಯಂದಿರ ಮಕ್ಕಳಿಗೆ ತಂದೆಯ ಹೆಸರಿನ ಕಲಮು ಇಂದಿಗೂ ಅವಮಾನದ ಕಲಮು. 1982ರ ನಿಷೇಧ ಕಾಯ್ದೆ ಆ ಪದ್ಧತಿಯನ್ನು ಅಪರಾಧವೆಂದಿತು, ಅರ್ಜಿ ನಮೂನೆಗಳ ಸ್ವಭಾವ ಅಷ್ಟು ಬೇಗ ಬದಲಾಗಲಿಲ್ಲ. ವಂಶಶೋಧನೆ ಕುಲದ ಹೆಮ್ಮೆಯ ಪೈಪೋಟಿಯಾದರೆ ಇಂಥವರ ಗಾಯವನ್ನು ಕೆದಕಿದಂತೆಯೇ ಸರಿ. ಆದ್ದರಿಂದ ಯಾವ ಕುಟುಂಬದ ವಿವರವೂ ಆ ಕುಟುಂಬದ ಒಪ್ಪಿಗೆಯಿಲ್ಲದೆ ಬಯಲಿಗೆ ಬರಕೂಡದು.

ಹೊರದೇಶಗಳಲ್ಲಿ ಜನಗಣತಿಯೇ ಈ ಕೆಲಸಕ್ಕೆ ಆಧಾರ. ಅಮೆರಿಕವು 1950ರ ಗಣತಿಯ ಮನೆಮನೆಯ ಹಾಳೆಗಳನ್ನು 72 ವರ್ಷಗಳ ಬಳಿಕ, 2022ರಲ್ಲಿ ತೆರೆಯಿತು. ಇಂಗ್ಲೆಂಡಿನ 1921ರ ಗಣತಿಯೂ ಅದೇ ವರ್ಷ ಸಾರ್ವಜನಿಕರಿಗೆ ದೊರೆಯಿತು. ನಮ್ಮ 1948ರ ಜನಗಣತಿ ಕಾಯ್ದೆಯ 15ನೆಯ ಕಲಂ ವ್ಯಕ್ತಿಗಳ ವಿವರವಿರುವ ಗಣತಿ ದಾಖಲೆಗಳನ್ನು ಪರಿಶೀಲನೆಗೆ ಮುಚ್ಚಿಟ್ಟಿದೆ, ಅದಕ್ಕೆ ಕಾಲಮಿತಿಯೂ ಇಲ್ಲ. ಹೀಗಾಗಿ ನಮ್ಮಲ್ಲಿ ಇಂಥ ಪುಸ್ತಕಗಳ ಬೆಲೆ ಇನ್ನೂ ಹೆಚ್ಚು. ಹರಿದ್ವಾರದ ಪಂಡರ ಬಹಿಗಳನ್ನು ಯೂಟಾದ ವಂಶಾವಳಿ ಸಂಘವು ದಶಕಗಳ ಹಿಂದೆಯೇ ಮೈಕ್ರೋಫಿಲ್ಮಿಗೆ ಇಳಿಸಿತು. ಗಂಗೆಯ ದಡದ ಪುಸ್ತಕಕ್ಕೆ ಅಷ್ಟು ದೂರದವರು ಬೆಲೆ ಕಟ್ಟಿದರು. ತುಂಗಭದ್ರೆಯ ದಡದ ಪುಸ್ತಕವನ್ನು ನಾವು ಕಣ್ಣೆತ್ತಿಯೂ ನೋಡಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು. ಹೆಳವನ ಪುಸ್ತಕ ಅವನ ಬಂಡವಾಳ. ಅದನ್ನು ಒಮ್ಮೆ ಎಲ್ಲರಿಗೂ ಪುಕ್ಕಟೆ ಸಿಗುವಂತೆ ಮಾಡಿದರೆ ನಾಳೆ ಅವನ ಎತ್ತಿಗೆ ಮೇವು ಹಾಕುವವರಿಲ್ಲ. ಆತ ಪುಸ್ತಕವನ್ನು ಅಪರಿಚಿತರಿಗೆ ತೋರಿಸಲು ಹಿಂಜರಿದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ. ಪ್ರತಿ ಮನೆಯೂ ತನ್ನ ಸರಣಿಗಷ್ಟೇ ಕಾಣಿಕೆ ಕೊಡುತ್ತದೆ. ಇಡೀ ಪುಸ್ತಕವನ್ನು ಗೆದ್ದಲಿನಿಂದ ಕಾಯುವ ಖರ್ಚನ್ನು ಯಾರೂ ಕೊಡುವುದಿಲ್ಲ. ಇಂಥ ಕಡೆಯಲ್ಲೇ ಸರ್ಕಾರದ ಪಾತ್ರ ಬರುವುದು. ಪುಸ್ತಕದ ಒಡೆತನ ಹೆಳವ ಕುಟುಂಬದಲ್ಲೇ ಉಳಿಯಬೇಕು. ದಾಖಲಾತಿಗೆ ಒಪ್ಪಿದ ಕುಟುಂಬಕ್ಕೆ ವರ್ಷವರ್ಷವೂ ಗೌರವಧನ ಸಲ್ಲಬೇಕು, ಪ್ರತಿ ಕೇಳಿದವರು ತೆರುವ ಶುಲ್ಕದಲ್ಲಿ ಪಾಲಿರಬೇಕು. ಓದುಬರಹ ಕಲಿತ ಹೆಳವರ ಮಕ್ಕಳನ್ನೇ ಈ ಕೆಲಸಕ್ಕೆ ನೇಮಿಸಬೇಕು. ಹೆಳವರು ಮನೆಗೆ ಬಂದಾಗ ಹೆಣ್ಣುಮಕ್ಕಳ ಹೆಸರುಗಳನ್ನೂ ಬರೆಸಿಕೊಳ್ಳುವಂತೆ ಮಾಡುವುದು ಕಷ್ಟವಲ್ಲ, ಹೇಳಬೇಕಾದವರು ಮನೆಯವರು.

ಹಣದ ಕೊರತೆಯ ನೆಪ ಬೇಡ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಆಯವ್ಯಯದಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಉರ್ದು ಬಲ್ಲ ಕೆಲವರ ಸಂಬಳ, ಏಳು ತಾಲ್ಲೂಕುಗಳ ಹೆಳವ ಕುಟುಂಬಗಳ ಗೌರವಧನ, ನಾಲ್ಕಾರು ಸ್ಕ್ಯಾನಿಂಗ್ ಯಂತ್ರಗಳು ಇವಿಷ್ಟನ್ನು ಕೂಡಿಸಿದರೂ ಒಂದು ಸಮುದಾಯ ಭವನದ ಖರ್ಚನ್ನು ಅದು ಮೀರಲಾರದು. ಕೊಪ್ಪಳ ಜಿಲ್ಲಾಡಳಿತ ಮುಂದಿನ ಸುಗ್ಗಿಗೆ ಮುಂಚೆ ಪ್ರಸ್ತಾವ ಸಲ್ಲಿಸಿದರೆ, ಹೆಳವರು ಊರುಗಳಿಗೆ ಬರುವ ಹೊತ್ತಿಗೆ ಕೆಲಸ ಆರಂಭಿಸಬಹುದು.