ಮೊದಲು ನೆಲ ನೋಡಿ, ಆಮೇಲೆ ಕಾಲು

ಎರಡು ಕಾಲಿನ ರೋಬೋಟ್ ಒಂದು ಪಲ್ಟಿ ಹೊಡೆದರೆ ಸಾಕು, ಆ ವಿಡಿಯೋ ನಮ್ಮ ಆಫೀಸಿನ ಎಲ್ಲಾ ವಾಟ್ಸಾಪ್ ಗುಂಪುಗಳನ್ನೂ ಸುತ್ತಿ ಬರುತ್ತೆ. ಜೊತೆಗೆ 'ಭವಿಷ್ಯ ಬಂದೇಬಿಡ್ತು' ಅನ್ನೋ ಉದ್ಗಾರ. ನನ್ನ ತಕರಾರು ಈ ಚಪ್ಪಾಳೆ ಬಗ್ಗೆ. ಮನುಷ್ಯನ ಹಾಗೆ ನಡೆದರೇನೇ ಮುಂದುವರಿದ ಯಂತ್ರ ಅಂತ ಯಾರು ಹೇಳಿದ್ದು?

2015ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾರ್ಪಾ ರೋಬೋಟ್ ಸ್ಪರ್ಧೆಯ ಫೈನಲ್ ನಡೀತು. ಫುಕುಶಿಮಾದಂಥ ದುರಂತ ಆದಾಗ ಮನುಷ್ಯರ ಬದಲು ರೋಬೋಟ್ ಕಳಿಸೋಕಾಗುತ್ತಾ ಅಂತ ನೋಡೋ ಸ್ಪರ್ಧೆ. ಎರಡು ಕಾಲಿನ ಹಲವು ರೋಬೋಟ್‌ಗಳು ದಬದಬ ಅಂತ ಬಿದ್ದವು. 20 ಲಕ್ಷ ಡಾಲರ್ ಬಹುಮಾನ ಗೆದ್ದಿದ್ದು ಕೊರಿಯಾದ ಹ್ಯೂಬೋ. ಅದಕ್ಕೂ ಎರಡು ಕಾಲಿತ್ತು, ನಿಜ. ಆದರೆ ಸಮ ನೆಲದಲ್ಲಿ ಅದು ಮಂಡಿಯೂರಿ, ಮಂಡಿಗೆ ಜೋಡಿಸಿದ್ದ ಚಕ್ರಗಳ ಮೇಲೆ ಉರುಳಿಕೊಂಡು ಹೋಯ್ತು. ಮೆಟ್ಟಿಲು ಬಂದಾಗ ಎದ್ದು ನಿಂತು ಹತ್ತಿತು. ಗೆದ್ದಿದ್ದು ಆ ವಿವೇಕ.

ಲೆಕ್ಕ ಸರಳ. ಎರಡು ಕಾಲಿನದು ಸುಮ್ಮನೆ ನಿಲ್ಲೋಕೂ ಕ್ಷಣಕ್ಷಣ ತೂಕ ಸರಿಮಾಡ್ಕೋತಾ ಇರಬೇಕು. ಮನೆ ಗುಡಿಸೋ ರೋಬೋಟಿಗೆ ಆ ತಲೆನೋವಿಲ್ಲ: ಎರಡು ಚಕ್ರವೂ ಒಂದೇ ವೇಗದಲ್ಲಿ ತಿರುಗಿದರೆ ನೇರ ಹೋಗುತ್ತೆ, ಒಂದು ಹಿಂದಕ್ಕೆ ತಿರುಗಿದರೆ ನಿಂತಲ್ಲೇ ಗಿರಕಿ. 2023ರಲ್ಲಿ ಚಂದ್ರನ ಮೇಲೆ ಓಡಾಡಿದ ನಮ್ಮ ಪ್ರಜ್ಞಾನ್‌ಗೆ ಆರು ಚಕ್ರ. ಒಂದು ಚಕ್ರ ಕಲ್ಲು ಹತ್ತಿದರೂ ಉಳಿದವು ನೆಲ ಬಿಡದ ಹಾಗೆ ಜೋಡಣೆ. ಕುಸಿದ ಕಟ್ಟಡದ ರಾಶಿ ಮೇಲೆ ಹೋಗೋದಕ್ಕೆ ಹಿಟಾಚಿಗಿರೋ ಹಾಗೆ ಚೈನು.

ಇದನ್ನ ನಮ್ಮೂರಲ್ಲಿ ಯಾರಿಗೂ ಪಾಠ ಮಾಡಬೇಕಿಲ್ಲ. ನಾಟಿಗೆ ಮುಂಚೆ ಟಿಲ್ಲರ್ ಗದ್ದೆಗಿಳಿಸುವಾಗ ರಬ್ಬರ್ ಟೈರ್ ಬಿಚ್ಚಿ ಕಬ್ಬಿಣದ ಚಕ್ರ ಹಾಕ್ತಾರೆ. ಕೆಸರಿಗೆ ಯಾವುದು, ರಸ್ತೆಗೆ ಯಾವುದು ಅಂತ ನೆಲವೇ ಹೇಳುತ್ತೆ.

ಹಾಗಾದ್ರೆ ನಮ್ಮ ದೇಶದಲ್ಲಿ ರೋಬೋಟ್ ಮೊದಲು ಇಳೀಬೇಕಾದ ನೆಲ ಯಾವುದು? ನಾನು ಹೇಳ್ತೀನಿ: ಮ್ಯಾನ್‌ಹೋಲ್. ರಕ್ಷಣೆಯಿಲ್ಲದೆ ಅದರೊಳಗೆ ಯಾರನ್ನೂ ಇಳಿಸಬಾರದು ಅಂತ 2013ರಲ್ಲೇ ಕಾಯ್ದೆ ಬಂದಿದೆ. ಉಸಿರುಗಟ್ಟಿ ಸತ್ತವರ ಸುದ್ದಿ ಮಾತ್ರ ನಿಂತಿಲ್ಲ. ಕೇರಳದ ಯುವ ಇಂಜಿನಿಯರುಗಳು ಅದಕ್ಕಂತಲೇ ಬ್ಯಾಂಡಿಕೂಟ್ ಮಾಡಿದರು. ಅದು ಕುಣಿಯಲ್ಲ, ಪಲ್ಟಿ ಹೊಡೆಯಲ್ಲ. ಗುಂಡಿಗಿಳಿದು, ಕಾಲು ಚಾಚಿ ನಿಂತು, ಕೈಯಿಂದ ಹೂಳೆತ್ತುತ್ತೆ. ಕೆಲಸಗಾರ ಮೇಲೆ ನಿಂತು ಅದನ್ನ ನಡೆಸ್ತಾನೆ. ಸಂಜೆ ಮನೆಗೆ ಹೋಗ್ತಾನೆ. ಆ ವಿಡಿಯೋ ನಿಮ್ಮ ಗುಂಪಿಗೆ ಎಷ್ಟು ಸಲ ಬಂದಿದೆ?

ಮುಂದಿನ ಸಲ ರೋಬೋಟ್ ವಿಡಿಯೋ ಫಾರ್ವರ್ಡ್ ಮಾಡೋ ಮುಂಚೆ ಎರಡು ಪ್ರಶ್ನೆ ಕೇಳ್ಕೊಳ್ಳಿ. ಇದು ಯಾವ ನೆಲಕ್ಕೆ? ಅಲ್ಲಿಗೆ ಈಗ ಯಾರು ಇಳೀತಿದ್ದಾರೆ?