ಗೆದ್ದೆತ್ತಿನ ಬಾಲ ಹಿಡಿಯುವ ಕಿವಿಗಳು

ಕಳೆದ ತಿಂಗಳು ಪುಣೆಯ ನಮ್ಮ ಮನೆಯಲ್ಲಿ ಐದಾರು ಮಂದಿ ಕನ್ನಡದ ಗೆಳೆಯರು ಸೇರಿದ್ದೆವು. ಎಲ್ಲರೂ ನಲವತ್ತು ದಾಟಿದವರು, ಒಂದಲ್ಲ ಒಂದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಪಿಂಕ್ ಫ್ಲಾಯ್ಡ್ ಕ್ಯಾಸೆಟ್ ಸವೆಸಿದವರು. ಊಟವಾದ ಮೇಲೆ ನಾನು ಸಿಮಾಂಡೆ ಎಂಬ ಲಂಡನ್ನಿನ ತಂಡದ ಹಾಡು ಹಾಕಿದೆ. ಎರಡು ನಿಮಿಷದಲ್ಲಿ ಒಬ್ಬರ ಪಾದ ತಾಳ ಹಾಕತೊಡಗಿತು, ಇನ್ನೊಬ್ಬರು ವಾಲ್ಯೂಮ್ ಏರಿಸಿದರು. ಹಾಡು ಮುಗಿದ ಮೇಲೆ ಬಂದ ಪ್ರಶ್ನೆ ಮಾತ್ರ ಇದು: "ಅಷ್ಟು ಒಳ್ಳೆ ಬ್ಯಾಂಡ್ ಆಗಿದ್ದರೆ ಇಷ್ಟು ಹೊತ್ತಿಗೆ ನಮಗೆ ಗೊತ್ತಿರುತ್ತಿರಲಿಲ್ಲವಾ?"

ನನ್ನ ಜಗಳ ಆ ಗೆಳೆಯನ ಮೇಲಲ್ಲ, ಆ ಪ್ರಶ್ನೆಯ ಮೇಲೆ.

ಅದರ ಹಿಂದಿರುವ ನಂಬಿಕೆ ನಮಗೆಲ್ಲ ಗೊತ್ತಿರುವುದೇ. ಕಾಲ ಜರಡಿ ಹಿಡಿಯುತ್ತದೆ, ಗಟ್ಟಿಯದು ಉಳಿಯುತ್ತದೆ, ಜೊಳ್ಳು ಹಾರುತ್ತದೆ. ಬ್ರಿಟಿಷ್ ರಾಕ್ ಎಂದರೆ ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಲೆಡ್ ಝೆಪ್ಲಿನ್, ಫ್ಲಾಯ್ಡ್, ಕ್ವೀನ್ ಎಂದು ನಾವು ಮಗ್ಗಿಯ ಹಾಗೆ ಒಪ್ಪಿಸುತ್ತೇವೆ. ಈ ಹೆಸರುಗಳ ಬಗ್ಗೆ ನನಗೆ ತಕರಾರಿಲ್ಲ. ಪಟ್ಟಿಯಲ್ಲಿ ಇಲ್ಲದವರು ಯೋಗ್ಯತೆ ಸಾಲದೆ ಬಿದ್ದುಹೋದವರು ಎಂಬ ತೀರ್ಮಾನವಿದೆಯಲ್ಲ, ಅದು ಶುದ್ಧ ಸೋಮಾರಿತನ. ಗೆದ್ದೆತ್ತಿನ ಬಾಲ ಹಿಡಿದು ಅದನ್ನೇ ಅಭಿರುಚಿ ಎನ್ನುವುದು.

ಸಿಮಾಂಡೆಯನ್ನೇ ನೋಡಿ. 1971ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ತಂಡ. ಕೆರಿಬಿಯನ್ ಮೂಲದ ಯುವಕರು. ಗಿಟಾರಿನ ಪ್ಯಾಟ್ರಿಕ್ ಪ್ಯಾಟರ್ಸನ್, ಬೇಸ್‌ನ ಸ್ಟೀವ್ ಸಿಪಿಯೊ ಇಬ್ಬರೂ ಗಯಾನಾ ಮೂಲದವರು. ಸೋಲ್, ಫಂಕ್, ರಾಕ್, ಕ್ಯಾಲಿಪ್ಸೊ, ರಾಸ್ತಾ ಡೋಲು ಎಲ್ಲ ಕಲೆಸಿ ತಮ್ಮದನ್ನು 'ನ್ಯಾ ರಾಕ್' ಎಂದು ಕರೆದುಕೊಂಡರು. 1972ರಿಂದ 1974ರೊಳಗೆ ಮೂರು ಆಲ್ಬಮ್. 'ದ ಮೆಸೇಜ್' ಹಾಡು 1973ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 48ನೇ ಸ್ಥಾನಕ್ಕೇರಿತು. ಆಲ್ ಗ್ರೀನ್ ಜೊತೆ ಅಮೆರಿಕ ಸುತ್ತಿದರು, ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ನುಡಿಸಿದರು. ಇಷ್ಟೆಲ್ಲ ಆಗಿ ಮನೆಗೆ ಮರಳಿದರೆ ಲಂಡನ್ನಿನಲ್ಲಿ ಹೇಳಿಕೊಳ್ಳುವಂಥ ವೇದಿಕೆಯಿಲ್ಲ, ರೇಡಿಯೊದಲ್ಲಿ ಕೇಳುವವರಿಲ್ಲ. ತಂಡ ನಿಂತುಹೋಯಿತು. ಪ್ಯಾಟರ್ಸನ್, ಸಿಪಿಯೊ ಇಬ್ಬರೂ ಕಾನೂನು ಓದಿ ವಕೀಲರಾದರು.

ಕಾರಣ ದೊಡ್ಡ ರಹಸ್ಯವೇನಲ್ಲ. ಅಂದಿನ ಬ್ರಿಟಿಷ್ ಸಂಗೀತೋದ್ಯಮದ ಲೆಕ್ಕದಲ್ಲಿ ಸೋಲ್ ಎಂದರೆ ಅಮೆರಿಕದಿಂದ ಬರುವ ಆಮದು ಮಾಲು, ರಾಕ್ ಎಂದರೆ ಮನೆಯ ಬಿಳಿ ಹುಡುಗರ ಸೊತ್ತು. ಲಂಡನ್ನಿನಲ್ಲೇ ಬೆಳೆದ ಕಪ್ಪು ಹುಡುಗರು ಸ್ವಂತ ಹಾಡು ಕಟ್ಟಿದರೆ ಅದನ್ನು ಯಾವ ಕಪಾಟಿನಲ್ಲಿಡಬೇಕೆಂದು ಅಂಗಡಿಗೆ ತಿಳಿಯಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತೇವೆ. ಬಾವಿಕಟ್ಟೆಗೇ ಬಿಡದಿದ್ದರೆ ಎಲ್ಲಿಂದ ಬಂದಾಳು? ಈ ಪ್ರಶ್ನೆ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನದನ್ನು ಕೇಳಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್ ಹುಟ್ಟುತ್ತಿದ್ದ ಕಾಲದಲ್ಲಿ ಅಲ್ಲಿನ ಡಿಜೆಗಳು ಸಿಮಾಂಡೆಯ 'ಬ್ರಾ' ಹಾಡಿನ ಬೇಸ್ ತುಣುಕನ್ನು ಮತ್ತೆ ಮತ್ತೆ ತಿರುಗಿಸಿ ಜನರನ್ನು ಕುಣಿಸಿದರು. 1989ರಲ್ಲಿ ಡಿ ಲಾ ಸೋಲ್ ಅದನ್ನು ಬಳಸಿತು. 1994ರಲ್ಲಿ ಸ್ಪೈಕ್ ಲೀ ತನ್ನ 'ಕ್ರುಕ್ಲಿನ್' ಸಿನಿಮಾಕ್ಕೆ ತೆಗೆದುಕೊಂಡ. 1996ರಲ್ಲಿ ಫ್ಯೂಜೀಸ್ ಇವರದೇ 'ಡವ್' ಹಾಡಿನ ಎಳೆ ಹಿಡಿದು ತಮ್ಮದೊಂದನ್ನು ನೇಯ್ದರು. ಜರಡಿ ಹಿಡಿದದ್ದು ಕಾಲವಲ್ಲ ಸ್ವಾಮಿ. ಹಳೆ ರೆಕಾರ್ಡುಗಳ ಪೆಟ್ಟಿಗೆಯಲ್ಲಿ ಕೈಯಾಡಿಸುತ್ತಿದ್ದ ಹುಡುಗರು. ಆ ಪೆಟ್ಟಿಗೆ ಗುಜರಿಗೆ ಹೋಗಿದ್ದರೆ ಕಾಲ ಏನು ಮಾಡುತ್ತಿತ್ತು?

'ಗೆದ್ದವರೂ ಇದ್ದಾರಲ್ಲ' ಎನ್ನಬಹುದು. ಇದ್ದಾರೆ. ಎಡ್ಡಿ ಗ್ರಾಂಟ್ ಇದ್ದ ದ ಈಕ್ವಲ್ಸ್, ಕಪ್ಪು ಬಿಳಿ ಹುಡುಗರು ಕೂಡಿ ಕಟ್ಟಿದ ಉತ್ತರ ಲಂಡನ್ನಿನ ತಂಡ, 1968ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿತ್ತು. ಆದರೆ 'ಪೊಲೀಸ್ ಆನ್ ಮೈ ಬ್ಯಾಕ್' ಯಾರ ಹಾಡು ಎಂದು ರಾಕ್ ಅಭಿಮಾನಿಯನ್ನು ಕೇಳಿ, 'ದ ಕ್ಲ್ಯಾಶ್' ಎನ್ನುತ್ತಾನೆ. ಕ್ಲ್ಯಾಶ್ ಅದನ್ನು ಹಾಡಿದ್ದು 1980ರಲ್ಲಿ. ಗ್ರಾಂಟ್ ಬರೆದು ಈಕ್ವಲ್ಸ್ ನುಡಿಸಿದ್ದು 1967ರಲ್ಲಿ. ಹಾಸ್ಟೆಲಿನಲ್ಲಿ ಅದನ್ನು ಕ್ಲ್ಯಾಶ್‌ನ ಹಾಡು ಎಂದು ಜೂನಿಯರುಗಳಿಗೆ ಪಾಠ ಹೇಳಿದವರಲ್ಲಿ ನಾನೂ ಒಬ್ಬ. ನನ್ನನ್ನು ಯಾರೂ ತಿದ್ದಲಿಲ್ಲ.

ಬಣ್ಣವೊಂದೇ ಕಾರಣವೂ ಅಲ್ಲ. ಬ್ಯಾಡ್‌ಫಿಂಗರ್ ತಂಡದ ಹುಡುಗರು ಬಿಳಿಯರೇ, ಬೀಟಲ್ಸ್‌ನ ಸ್ವಂತ ಆಪಲ್ ಕಂಪನಿಯ ಕೂಸುಗಳು. 'ವಿತೌಟ್ ಯು' ಬರೆದವರು ಆ ತಂಡದ ಪೀಟ್ ಹ್ಯಾಮ್ ಮತ್ತು ಟಾಮ್ ಇವಾನ್ಸ್. 1972ರಲ್ಲಿ ಅದನ್ನು ಬ್ರಿಟನ್, ಅಮೆರಿಕ ಎರಡರಲ್ಲೂ ಒಂದನೇ ಸ್ಥಾನಕ್ಕೆ ಒಯ್ದವನು ಹ್ಯಾರಿ ನಿಲ್ಸನ್. ನಮ್ಮ ತಲೆಮಾರಿಗೆ ಅದು ಮರಾಯಾ ಕ್ಯಾರಿಯ ಹಾಡು. ಬರೆದವರ ದುಡ್ಡು ಕರಾರು, ಕಮಿಷನ್, ಕೋರ್ಟುಗಳ ನಡುವೆ ಸಿಕ್ಕಿಬಿತ್ತು. 1975ರಲ್ಲಿ ಹ್ಯಾಮ್ ಜೀವ ಕಳೆದುಕೊಂಡ, ಇಪ್ಪತ್ತೇಳು ವಯಸ್ಸು. 1983ರಲ್ಲಿ ಇವಾನ್ಸ್ ಕೂಡ ಅದೇ ದಾರಿ ಹಿಡಿದ. ಇವರ ಹಾಡು ಜೊಳ್ಳಾಗಿತ್ತೇ?

ಇನ್ನು ಎದುರು ಪಾಳೆಯದವರಿಗೂ ಒಂದು ಮಾತು. ಯಾರಿಗೂ ಗೊತ್ತಿಲ್ಲದ್ದೇ ಶ್ರೇಷ್ಠ ಎನ್ನುವ ಸಂಗ್ರಾಹಕರಿದ್ದಾರೆ. ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ 'ನಾರ್ದರ್ನ್ ಸೋಲ್' ಎಂಬ ದೊಡ್ಡ ಪಂಥವೇ ಬೆಳೆದಿತ್ತು. ಅಮೆರಿಕದಲ್ಲಿ ಸೋತ ಸೋಲ್ ಹಾಡುಗಳಿಗೆ ವಿಗನ್ ಕಸಿನೊದಲ್ಲಿ 1973ರಿಂದ 1981ರವರೆಗೆ ರಾತ್ರಿಯಿಡೀ ಕುಣಿದರು. ಆ ಪ್ರೀತಿಗೆ ನನ್ನ ನಮಸ್ಕಾರ. ಆದರೆ ಅಲ್ಲಿನ ಡಿಜೆಗಳು ಬೇರೆಯವರಿಗೆ ಸುಳಿವು ಸಿಗಬಾರದೆಂದು ರೆಕಾರ್ಡಿನ ಲೇಬಲ್ ಮುಚ್ಚಿ, ಹಾಡುಗಾರನಿಗೆ ಸುಳ್ಳು ಹೆಸರು ಕೊಡುತ್ತಿದ್ದರು. ಫ್ರ್ಯಾಂಕ್ ವಿಲ್ಸನ್‌ನ 1965ರ ಒಂದು ರೆಕಾರ್ಡಿನ ಪ್ರತಿ 2009ರಲ್ಲಿ 25,000 ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಹಳೆ ರೆಕಾರ್ಡು ಕೈ ಬದಲಿಸಿದರೆ ಹಾಡಿದವನಿಗೆ ಕಾಸಿಲ್ಲ. ಮರೆತುಹೋದ ತಂಡಗಳಲ್ಲಿ ಕೆಟ್ಟವೂ ಬೇಕಾದಷ್ಟಿವೆ, ತಾಳ್ಮೆಯಿಂದ ಕೇಳಿಯೇ ಹೇಳುತ್ತಿದ್ದೇನೆ. ಅಜ್ಞಾತವಾಗಿರುವುದು ಅವಗುಣವಲ್ಲ, ಗುಣವೂ ಅಲ್ಲ. ಅದೊಂದು ಫಲಿತಾಂಶ. ಅದಕ್ಕೆ ಕಾರಣ ಹುಡುಕಬೇಕು.

ನಾನು ಪ್ರಾಜೆಕ್ಟ್ ಮ್ಯಾನೇಜರ್. ಪ್ರಾಜೆಕ್ಟ್ ಬಿದ್ದರೆ ನಾವು ಮೂಲ ಕಾರಣದ ವರದಿ ಬರೆಯುತ್ತೇವೆ. 'ಚೆನ್ನಾಗಿದ್ದಿದ್ದರೆ ತಾನೇ ನಿಲ್ಲುತ್ತಿತ್ತು' ಎಂದು ಬರೆದುಕೊಟ್ಟರೆ ಕ್ಲೈಂಟ್ ಮುಖಕ್ಕೆ ಎಸೆಯುತ್ತಾನೆ. ಆದರೆ ಮನುಷ್ಯರ ವಿಷಯದಲ್ಲಿ ನಾನೇ ಅದನ್ನು ಹೇಳಿದ್ದೇನೆ. ಕೆಲವು ವರ್ಷದ ಹಿಂದೆ ನನ್ನ ತಂಡದ ಟೆಸ್ಟರ್ ಒಬ್ಬಳು, ತಿಂಗಳುಗಟ್ಟಲೆ ರಾತ್ರಿ ಕೂತು ರಿಲೀಸ್ ಉಳಿಸಿದವಳು, ಪ್ರಮೋಷನ್ ಪಟ್ಟಿಯಲ್ಲಿ ತನ್ನ ಹೆಸರು ಯಾಕಿಲ್ಲ ಎಂದು ಕೇಳಿದಳು. "ಒಳ್ಳೆ ಕೆಲಸ ತಾನಾಗೇ ಕಾಣುತ್ತಮ್ಮಾ" ಎಂದೆ. ಕಾಣಿಸಬೇಕಾದ ಸ್ಥಾನದಲ್ಲಿ ಕೂತಿದ್ದವನು ನಾನೇ. ಎರಡು ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಗೆಳೆಯನ ಪ್ರಶ್ನೆ ಆವತ್ತು ನನಗೆ ಅಷ್ಟು ಚುಚ್ಚಿದ್ದು ಅದಕ್ಕೇ ಇರಬೇಕು.

ಈಗ ನಮ್ಮ ಫೋನುಗಳಲ್ಲಿ ಕೋಟಿಗಟ್ಟಲೆ ಹಾಡುಗಳಿವೆ, ಬಾವಿ ಎಲ್ಲರಿಗೂ ತೆರೆದಿದೆ ಎನ್ನುತ್ತಾರೆ. ಆದರೆ ಹಾಡು ಆರಿಸಿಕೊಡುವ ಅಲ್ಗಾರಿದಮ್ ಕೂಡ ಹೆಚ್ಚಾಗಿ ಕೇಳಿದ್ದನ್ನೇ ಮತ್ತೆ ಕೇಳಿಸುತ್ತದೆ. ಅದೂ ಗೆದ್ದೆತ್ತಿನ ಬಾಲವೇ. ಹಾಡು ಹಿಡಿಸಿದರೆ ಬರೆದವರ ಹೆಸರು ನೋಡಿ, ಮೊದಲು ನುಡಿಸಿದವರು ಯಾರೆಂದು ಹುಡುಕಿ. ಐದು ನಿಮಿಷದ ಕೆಲಸ.

ಸಿಮಾಂಡೆ ಮತ್ತೆ ಒಂದಾಗಿದೆ. ಅವರ ಬಗ್ಗೆ 2022ರಲ್ಲಿ ಸಾಕ್ಷ್ಯಚಿತ್ರ ಬಂತು, 2025ರಲ್ಲಿ ಹೊಸ ಆಲ್ಬಮ್ ಬಂತು. ಸಂತೋಷ. ಆದರೆ ಇಪ್ಪತ್ತರ ಹರೆಯದಲ್ಲಿ ಗಿಟಾರು ಕೆಳಗಿಟ್ಟವರ ನಡುವಿನ ವರ್ಷಗಳನ್ನು ಯಾವ ಸಾಕ್ಷ್ಯಚಿತ್ರವೂ ಮರಳಿಸುವುದಿಲ್ಲ.

ಮುಂದಿನ ಭಾನುವಾರ ಗೆಳೆಯರು ಮತ್ತೆ ಬರುತ್ತಿದ್ದಾರೆ. ಆ ಪ್ರಶ್ನೆಗೆ ಆವತ್ತು ಉತ್ತರ ಹೊಳೆದಿರಲಿಲ್ಲ. ಈಗ ಇದೆ: ಬ್ಯಾಂಡ್ ಚೆನ್ನಾಗಿಯೇ ಇತ್ತು, ನಮಗೆ ಗೊತ್ತಿರಲಿಲ್ಲ.