ನೀರಿನ ಪಾಠವೂ ಉಪಾಧ್ಯಾಯಿನಿಯರ ತರಬೇತಿಯೂ

ನಮ್ಮ ಬಾಲಿಕೆಯರು ಪಾಠಶಾಲೆಯಲ್ಲಿ ನೀರಿನ ವಿಷಯವನ್ನು ಓದುತ್ತಿಲ್ಲವೆಂದು ಯಾರೂ ಹೇಳಲಾರರು. ಜಲಚಕ್ರದ ಚಿತ್ರವನ್ನು ಅವರು ಅಂದವಾಗಿ ಬರೆಯಬಲ್ಲರು. ಅದಕ್ಕೆ ಸಂಬಂಧಿಸಿದ ಶಾಸ್ತ್ರೀಯ ಪದಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲರು. ಆದರೆ ಮನೆಯ ನಲ್ಲಿಯಲ್ಲಿ ಬೀಳುವ ನೀರು ಎಲ್ಲಿಂದ ಬಂದಿತು, ಬಚ್ಚಲಿನಿಂದ ಹೊರಟ ನೀರು ಎಲ್ಲಿಗೆ ಹೋಯಿತು ಎಂದು ಕೇಳಿದರೆ ಉತ್ತರವು ದೊರೆಯುವುದು ಅಪೂರ್ವ. ಈ ಕೊರತೆಗಾಗಿ ಬಾಲಿಕೆಯರನ್ನಾಗಲಿ ಉಪಾಧ್ಯಾಯಿನಿಯರನ್ನಾಗಲಿ ದೂಷಿಸುವುದು ನ್ಯಾಯವಲ್ಲ. ನೀರನ್ನು ಅಳೆದು, ಪರೀಕ್ಷಿಸಿ, ಅದರ ದಾರಿಯನ್ನು ಕಾಲ್ನಡೆಯಿಂದ ಹುಡುಕಿ ಕಲಿಸುವ ಕ್ರಮವನ್ನು ಉಪಾಧ್ಯಾಯಿನಿಯರಿಗೆ ಯಾರೂ ಕಲಿಸಿಕೊಡದಿರುವುದೇ ಇದರ ಮೂಲವೆಂಬುದು ನಮ್ಮ ಅಭಿಪ್ರಾಯವಾಗಿದೆ.

ಈ ವಿಷಯದಲ್ಲಿ ಆಜ್ಞೆಗಳಿಗೇನೂ ಅಭಾವವಿಲ್ಲ. ಪರಿಸರವು ಶಾಲೆಗಳಲ್ಲಿ ಕಡ್ಡಾಯವಾದ ಪಾಠವಾಗತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶಿಸಿ, 2003ರಲ್ಲಿ ಅದನ್ನು ಪುನಃ ದೃಢಪಡಿಸಿತು. ಪ್ರತಿಯೊಬ್ಬ ಅಧ್ಯಾಪಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ತಮ್ಮ ವೃತ್ತಿಯ ಅಭಿವೃದ್ಧಿಗಾಗಿ ವಿನಿಯೋಗಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅಪೇಕ್ಷಿಸುತ್ತದೆ. ಪುಸ್ತಕಗಳು ಬಂದವು, ಅಧ್ಯಾಯಗಳು ಸೇರಿದವು, ಪ್ರಶ್ನೆಗಳೂ ಅಚ್ಚಾದವು. ಆದರೆ ತರಬೇತಿಯೆಂಬುದು ಬಹುಮಟ್ಟಿಗೆ ಸಭಾಂಗಣದ ಉಪನ್ಯಾಸದಲ್ಲಿಯೇ ಮುಗಿದುಹೋಗುತ್ತಿದೆ. ಅಡಿಗೆಯ ವರ್ಣನೆಯನ್ನು ಕೇಳಿದ ಮಾತ್ರಕ್ಕೆ ಯಾರಿಗೂ ಅಡಿಗೆ ಬಾರದಷ್ಟೆ. ಕೇಳಿ ಕಲಿತವರು ಕೇಳಿಸಿಯೇ ಕಲಿಸುವರು. ಮಾಡಿ ಕಲಿತವರು ಮಾಡಿಸಿ ಕಲಿಸುವರು.

ಆದುದರಿಂದ ಬಾಲಿಕೆಯರಿಂದ ಮಾಡಿಸಬೇಕಾದುದನ್ನೆಲ್ಲ ಉಪಾಧ್ಯಾಯಿನಿಯರು ಮೊದಲು ತಾವೇ ಮಾಡಿನೋಡುವುದು ತರಬೇತಿಯ ಮೊದಲನೆಯ ನಿಯಮವಾಗಬೇಕು. ಇದಕ್ಕೆ ಬೆಲೆಬಾಳುವ ಉಪಕರಣಗಳು ಬೇಕಾಗಿಲ್ಲ. ನೆಟ್ಟಗಿರುವ ಗೋಡೆಯ, ಸಮತಳದ ಒಂದು ಡಬ್ಬಿಯೂ ಅಳತೆಪಟ್ಟಿಯೂ ಇದ್ದರೆ ಮಳೆಯನ್ನು ಅಳೆಯಬಹುದು. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆಯು ಒಂದು ಲೀಟರ್ ನೀರಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವುದರಿಂದ, 100 ಚದರ ಮೀಟರಿನ ಮಾಳಿಗೆಯ ಮೇಲೆ ಸುಮಾರು 90,000 ಲೀಟರ್ ನೀರು ಬೀಳುತ್ತದೆಂಬ ಲೆಕ್ಕವನ್ನು ಹನ್ನೆರಡು ವರ್ಷದ ಬಾಲಿಕೆಯೂ ಮಾಡಬಲ್ಲಳು. ಇಟಲಿಯ ಪಾದ್ರಿಯೂ ಖಗೋಳಜ್ಞರೂ ಆಗಿದ್ದ ಸೆಕ್ಕಿ ಎಂಬವರು 1865ರಲ್ಲಿ ಬಿಳಿಯ ತಟ್ಟೆಯೊಂದನ್ನು ಸಮುದ್ರದಲ್ಲಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿತನವನ್ನು ಅಳೆದರು. ಡಬ್ಬದ ಮುಚ್ಚಳಕ್ಕೆ ಕಪ್ಪುಬಿಳುಪು ಬಣ್ಣ ಹಚ್ಚಿ, ಭಾರ ಕಟ್ಟಿ, ಗಂಟು ಹಾಕಿದ ದಾರದಿಂದ ಇಳಿಬಿಟ್ಟರೆ ನಮ್ಮ ಕೆರೆಗೂ ಅದೇ ಪರೀಕ್ಷೆಯು ಸಲ್ಲುತ್ತದೆ. ಗ್ವಾಲಿಯರಿನ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸುಲಭವಾದ ಸೀಸೆಯ ಪರೀಕ್ಷೆಯೊಂದಿದೆ. ಬೆಚ್ಚಗಿನ ಸ್ಥಳದಲ್ಲಿ ಒಂದೆರಡು ದಿನ ಇಟ್ಟಾಗ ಸೀಸೆಯೊಳಗಿನ ನೀರು ಕಪ್ಪಾದರೆ ಅದರಲ್ಲಿ ಮಲದ ಕಲ್ಮಷವು ಸೇರಿರಬಹುದೆಂದು ತಿಳಿಯಬೇಕು. ಕಣ್ಣಿಗೆ ತಿಳಿಯಾಗಿ ಕಂಡ ನೀರು ಹೀಗೆ ಕಪ್ಪಾದುದನ್ನು ನೋಡಿದ ಬಾಲಿಕೆಗೆ ಆರೋಗ್ಯಶಾಸ್ತ್ರದ ಪಾಠವನ್ನು ಎರಡನೆಯ ಬಾರಿ ಹೇಳಬೇಕಾಗಿಲ್ಲ.

ಉಪಕರಣಗಳಿಗಿಂತಲೂ ಮುಖ್ಯವಾದುದು ಸ್ಥಳಪರಿಚಯ. ಹಿಂದಿನವರು ಕಟ್ಟಿಸಿದ ಕೆರೆಯಲ್ಲಿ ಏರಿ, ತೂಬು, ಕೋಡಿಗಳಿಗೆ ಪ್ರತ್ಯೇಕವಾದ ಕೆಲಸವಿದ್ದಿತು; ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಯನ್ನು ತುಂಬುತ್ತಿದ್ದಿತು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಅನುಭವವು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅಂತಹ ಹಿರಿಯರು ಇನ್ನೂ ಇರುವ ಊರುಗಳಲ್ಲಿ ಅವರನ್ನೇ ತರಬೇತಿಯ ಗುರುಗಳನ್ನಾಗಿ ಕರೆಯುವುದು ಉಚಿತ. ಬೆಂಗಳೂರಿಗೆ ಕಾವೇರಿಯ ನೀರು 1974ರಿಂದ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತಿದೆ. ಇಷ್ಟು ಶ್ರಮದಿಂದ ತಂದ ನೀರು ಕೊಳಚೆಯಾಗಿ ರಾಜಕಾಲುವೆಗಳ ಮೂಲಕ ಕೆರೆಗಳನ್ನು ಸೇರಿದುದರ ಫಲವಾಗಿ ಬೆಳ್ಳಂದೂರಿನ ಕೆರೆಯು ನೊರೆಯುಕ್ಕಿಸಿತು. 2017ರಲ್ಲಿಯೂ 2018ರಲ್ಲಿಯೂ ಅಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. 2024ರ ಬೇಸಗೆಯಲ್ಲಿ ಅನೇಕ ಬಡಾವಣೆಗಳ ಕೊಳವೆಬಾವಿಗಳು ಬತ್ತಿಹೋದುದನ್ನು ವಾಚಕರು ಮರೆತಿರಲಾರರು. ಇವೆಲ್ಲವೂ ಒಂದೇ ಪಾಠದ ಭಾಗಗಳೆಂದು ಕಾಣಬೇಕಾದರೆ ಆ ಕಾಲುವೆಯ ಪಕ್ಕದಲ್ಲಿ ಒಮ್ಮೆಯಾದರೂ ನಡೆದಿರಬೇಕು.

ಇಂತಹ ತರಬೇತಿಯಿಂದ ಮತ್ತೊಂದು ಲಾಭವುಂಟು. ಇಬ್ಬರು ಬಾಲಿಕೆಯರು ಒಂದೇ ಕೆರೆಯಲ್ಲಿ ಅಳೆದಾಗ ಎರಡು ಬೇರೆ ಅಂಕಿಗಳು ಬರುವುದುಂಟು. ಪುಸ್ತಕವನ್ನು ಮಾತ್ರ ನಂಬಿದ ಉಪಾಧ್ಯಾಯಿನಿಯು ಆಗ ಗಾಬರಿಗೊಳ್ಳುವಳು. ತಾನೇ ಅಳೆದು ನೋಡಿದವಳು, "ಏಕೆ ಹೀಗಾಯಿತು, ಮತ್ತೊಮ್ಮೆ ನೋಡೋಣ" ಎನ್ನುವಳು. ಆ ಒಂದು ಮಾತಿನಲ್ಲಿ ವಿಜ್ಞಾನದ ಸಾರವಿದೆ.

ಮಾತಾಪಿತೃಗಳ ಆಕ್ಷೇಪಗಳನ್ನು ನಾವು ಅಲ್ಲಗಳೆಯುವುದಿಲ್ಲ. ಪರೀಕ್ಷೆಯ ಕಾಲವು ಹಾಳಾಗುವುದೆಂದು ಕೆಲವರು ಹೇಳುವರು. ಮಾಳಿಗೆಯ ಲೆಕ್ಕವು ಗಣಿತವಲ್ಲವೇ? ಸೀಸೆಯ ಪರೀಕ್ಷೆಯು ಜೀವಶಾಸ್ತ್ರವಲ್ಲವೇ? ಅವು ಪಾಠದ ಕಾಲವನ್ನು ಕಸಿಯದೆ ಪಾಠವನ್ನೇ ಗಟ್ಟಿಮಾಡುತ್ತವೆ. ಹೆಣ್ಣುಮಕ್ಕಳನ್ನು ನೀರಿನ ಬಳಿಗೆ ಕಳುಹಿಸಲು ಅಂಜಿಕೆಯೆಂದು ಮತ್ತೆ ಕೆಲವರು ಹೇಳುವರು. ಈ ಅಂಜಿಕೆಯು ಸಹಜವಾದುದು, ಗೌರವಿಸತಕ್ಕದ್ದು. ನೀರಿಗೆ ಇಳಿಯದೆ ಗಟ್ಟಿಯಾದ ದಡದಿಂದ ಬಕೆಟ್ಟನ್ನು ಹಗ್ಗದಿಂದ ಇಳಿಬಿಡುವುದು, ಕೊಳಚೆ ಸೇರಿದ ನೀರನ್ನು ಬರಿಗೈಯಿಂದ ಮುಟ್ಟದಿರುವುದು, ಚಿಕ್ಕ ಗುಂಪುಗಳಲ್ಲಿ ಹಿರಿಯರೊಡನೆ ಹೋಗುವುದು, ಕೊನೆಗೆ ಸಾಬೂನಿನಿಂದ ಕೈ ತೊಳೆಯುವುದು—ಇವನ್ನೆಲ್ಲ ಕಲಿಸುವುದೂ ತರಬೇತಿಯ ಒಂದಂಗವೇ. ತರಬೇತಿಯಿಲ್ಲದೆ ಹೊರಡುವುದೇ ಅಪಾಯಕರ.

ನಮ್ಮ ನಾಡಿನಲ್ಲಿ ಮನೆಗೆ ನೀರು ಹೊತ್ತು ತರುವ ಭಾರವು ಬಹುಮಟ್ಟಿಗೆ ಸ್ತ್ರೀಯರ ಮೇಲೆಯೇ ಬಿದ್ದಿದೆ. ನೀರಿನ ವಿಷಯವನ್ನು ತೀರ್ಮಾನಿಸುವ ಸ್ಥಳಗಳಲ್ಲಿ ಮಾತ್ರ ಅವರ ಮಾತು ಕೇಳಿಬರುವುದು ಕಡಮೆ. ಅಂಕಿಗಳನ್ನು ತಾನೇ ಅಳೆದು ಬರೆದಿಟ್ಟ ಬಾಲಿಕೆಯು ಮುಂದೆ ಅಂತಹ ಸಭೆಯಲ್ಲಿ ಧೈರ್ಯವಾಗಿ ಮಾತನಾಡಬಲ್ಲಳು. ಬಾಲಿಕಾ ಪಾಠಶಾಲೆಗೆ ಇದಕ್ಕಿಂತ ಯೋಗ್ಯವಾದ ಉದ್ದೇಶವು ಯಾವುದು?

ಆದುದರಿಂದ ಪ್ರತಿ ಅವಧಿಯಲ್ಲಿ ಎರಡು ಶನಿವಾರಗಳನ್ನು ಉಪಾಧ್ಯಾಯಿನಿಯರ ಇಂತಹ ತರಬೇತಿಗಾಗಿ ಮೀಸಲಿಟ್ಟು, ಆ ಗಂಟೆಗಳನ್ನು ಮೇಲೆ ಹೇಳಿದ 50 ಗಂಟೆಗಳಲ್ಲಿ ಎಣಿಸಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ. ಇಲ್ಲಿ ಓದಿ ವೈದ್ಯರೂ ಎಂಜಿನಿಯರರೂ ರಸಾಯನಶಾಸ್ತ್ರಜ್ಞರೂ ಆಗಿರುವ ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೆ ಒಂದು ದಿನವನ್ನು ಇದಕ್ಕಾಗಿ ಕೊಡಲಿ. ಮಾತಾಪಿತೃಗಳು ತಮ್ಮ ಒಪ್ಪಿಗೆಯನ್ನೂ, ಸಾಧ್ಯವಾದವರು ತಮ್ಮ ಜೊತೆಗಾರಿಕೆಯನ್ನೂ ಕೊಡಲಿ. ಮುಂದಿನ ಮಳೆಗಾಲಕ್ಕೆ ಮೊದಲು ಈ ಕೆಲಸವು ಆರಂಭವಾದರೆ, ನಮ್ಮ ಬಾಲಿಕೆಯರು ಅಳೆದ ಮಳೆಯ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿಯೇ ಅಚ್ಚು ಹಾಕಿಸಬಹುದು.